ಪಿಂಚಣಿ ದುಡ್ಡಲ್ಲಿ ಪರದೇಶದ ಬೇಸಿಗೆ: ಒಬ್ಬಳೇ ದಾಲಾತ್‌ನಲ್ಲಿ ಇದ್ದು ಬಂದ ನನ್ನ ಅನುಭವ

ವಿಯೆಟ್ನಾಂನ ಗುಡ್ಡದ ಊರು ದಾಲಾತ್‌ನಲ್ಲಿ ಸುಮಾರು ಮೂರು ತಿಂಗಳ ವಾಸ. ವಿಮಾನದ ಟಿಕೆಟ್ಟು, ವೀಸಾ, ಬಾಡಿಗೆ, ಊಟ, ಔಷಧಿ ಎಲ್ಲ ಸೇರಿ ಒಂದು ಲಕ್ಷ ನಲವತ್ತು ಸಾವಿರದ ಆಸುಪಾಸು. ಈ ಲೆಕ್ಕವನ್ನು ಕಲಬುರಗಿಯಲ್ಲಿ ಯಾರ ಮುಂದೆ ಇಟ್ಟರೂ ಮೊದಲು ನಗುತ್ತಾರೆ. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಕರೆದು "ಖರೇ ಎಷ್ಟಾತು ಹೇಳ್ರಿ ಅಕ್ಕೋರೆ" ಅಂತ ಕೇಳುತ್ತಾರೆ. ಖರೇ ಅಷ್ಟೇ ಆಯಿತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷದ ಮೇಲೆ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಕೂಡಿಸುವುದರಲ್ಲಿ ತಪ್ಪುವುದಿಲ್ಲ.

ಒಬ್ಬರೇ ತಿರುಗುವ ಅಭ್ಯಾಸ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇ-ವೀಸಾ, ಫಾರೆಕ್ಸ್ ಕಾರ್ಡ್, ಇ-ಸಿಮ್, ಟ್ಯಾಕ್ಸಿ ಕರೆಯುವ ಗ್ರ್ಯಾಬ್, ಅನುವಾದದ ಆ್ಯಪ್ ಎಲ್ಲ ನಿಮಗೆ ಗೊತ್ತು. ಅದನ್ನೆಲ್ಲ ಬಿಟ್ಟೆ. ನಾನು ಹೇಳುವುದು ಒಂದೇ. ಊರೂರು ಸುತ್ತುವುದನ್ನು ನಿಲ್ಲಿಸಿ. ನಮ್ಮ ಬೇಸಿಗೆ ಮುಗಿಯುವ ತನಕ ಎತ್ತರದ ಒಂದು ಊರಲ್ಲಿ, ಒಲೆ ಇರುವ ಒಂದು ಕೋಣೆಯಲ್ಲಿ ಕೂತುಬಿಡಿ. ಸುತ್ತುವುದಕ್ಕಿಂತ ಇದು ಅಗ್ಗ. ನನ್ನ ವಯಸ್ಸಿನವರಿಗಂತೂ ಮೊಣಕಾಲಿಗೂ ಒಳ್ಳೆಯದು.

ಬೇಡ ಅಂದವರು ಕಡಿಮೆ ಇರಲಿಲ್ಲ. "ಒಬ್ಬಾಕಿ ಹೋಗಿ ಅಲ್ಲೇನ್ ಮಾಡ್ತಿ? ಏನರೆ ಆದ್ರ ಯಾರ್ ನೋಡ್ತಾರ?" ಅಂತ ಅಣ್ಣ. ಓಣಿಯವರ ಪ್ರಶ್ನೆ ಬೇರೆ. "ಮಗಳು ಅಲ್ಲದಾಳೇನ್ರೀ?" ಮಗಳು ಪುಣೆಯಲ್ಲಿದ್ದಾಳೆ. ಪರದೇಶಕ್ಕೆ ಹೋಗುವ ನಮ್ಮ ಕಡೆಯ ಹೆಂಗಸು ಅಂದರೆ ಮಗಳ ಬಾಣಂತನಕ್ಕೋ ಮೊಮ್ಮಗನನ್ನು ನೋಡಿಕೊಳ್ಳೋಕೋ ಹೋಗಬೇಕು. ಸುಮ್ನೆ ಇದ್ದು ಬರೋಕೆ ಹೋಗುತ್ತೇನೆ ಅಂದರೆ ಯಾರಿಗೂ ಅರ್ಥವೇ ಆಗುವುದಿಲ್ಲ.

ನನ್ನ ಮೊದಲ ಎರಡು ಪ್ರಯತ್ನಗಳು ಅವರ ಮಾತಿಗೇ ಬಲ ಕೊಟ್ಟವು.

ಮೊದಲನೆಯದು 2023ರ ಪ್ಯಾಕೇಜ್ ಟೂರ್. ಸಿಂಗಪುರ, ಮಲೇಷ್ಯಾ, ಒಂದು ವಾರ. ಜಾಹೀರಾತಿನಲ್ಲಿದ್ದ ದರ ಕೋಣೆಯಲ್ಲಿ ಇಬ್ಬರು ಇರುವವರಿಗೆ. ಒಬ್ಬಳೇ ಅಂದ ಕೂಡಲೇ ಒಂಟಿ ಕೋಣೆಯ ಹೆಚ್ಚುವರಿ ಅಂತ ಮೂವತ್ತು ಸಾವಿರದ ಹತ್ತಿರ ಸೇರಿಸಿದರು. ಅದರ ಮೇಲೆ ಟಿಸಿಎಸ್, ಅಂದರೆ ಟೂರಿನವರು ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ. ವಿದೇಶದ ಪ್ಯಾಕೇಜ್‌ಗಳ ಮೇಲೆ 2020ರ ಅಕ್ಟೋಬರ್‌ನಿಂದ ಅದು ಬಂದಿದೆಯಲ್ಲ. ರಿಟರ್ನ್ ಹಾಕಿದಾಗ ವಾಪಸ್ ಬಂತು, ಆದರೆ ಅಲ್ಲಿವರೆಗೆ ದುಡ್ಡು ಸಿಕ್ಕಿಬಿತ್ತು. ಒಟ್ಟು ಒಂದು ಲಕ್ಷ ದಾಟಿತು. ಬೆಳಿಗ್ಗೆ ಏಳಕ್ಕೆ ಬಸ್ಸು, ರಾತ್ರಿ ಒಂಬತ್ತಕ್ಕೆ ಕೋಣೆ. ಎಲ್ಲಿ ಹೋದರೂ ಬೇರೆ ಕುಟುಂಬಗಳ ಫೋಟೋ ತೆಗೆದುಕೊಡುವ ಕೆಲಸ ನನ್ನದು.

ಎರಡನೆಯದು 2024ರ ಮಾರ್ಚ್‌ನಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್. ಆಗ ನಮ್ಮ ಪಾಸ್‌ಪೋರ್ಟಿಗೆ 30 ದಿನ ವೀಸಾ ಇಲ್ಲದೆ ಬಿಡುತ್ತಿದ್ದರು. ಗುಡ್ಡದ ಊರು, ತಂಪು, ಅಗ್ಗ ಅಂತ ಎಲ್ಲ ಕಡೆ ಬರೆದಿದ್ದರು. ಸುತ್ತ ಗುಡ್ಡ ಇರುವುದು ನಿಜ. ಆದರೆ ಊರು ಇರುವುದು ಬಟ್ಟಲಿನಂಥ ತಗ್ಗಿನಲ್ಲಿ, ಸಮುದ್ರಮಟ್ಟದಿಂದ ಬರೀ 300 ಮೀಟರ್ ಚಿಲ್ಲರೆ ಮೇಲೆ. ನಮ್ಮ ಕಲಬುರಗಿಯೇ 450 ಮೀಟರ್ ಮೇಲಿದೆ! ಅದೂ ಸಾಲದೆಂದು ಹೊಗೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಆ ಭಾಗದಲ್ಲಿ ಹೊಲದ ಕೂಳೆಗೆ ಬೆಂಕಿ ಇಡುತ್ತಾರೆ, ಕಾಡೂ ಉರಿಯುತ್ತದೆ. ತಗ್ಗಿನ ಊರಿನಿಂದ ಆ ಹೊಗೆ ಹೊರಗೆ ಹೋಗುವುದೇ ಇಲ್ಲ. ಕಿಟಕಿಯಿಂದ ಎದುರಿನ ಗುಡ್ಡ ಕಾಣಲಿಲ್ಲ. ಎರಡನೇ ವಾರಕ್ಕೆ ಕೆಮ್ಮು ಹಿಡಿಯಿತು. ತಿಂಗಳ ಬಾಡಿಗೆ ಮೊದಲೇ ಕಟ್ಟಿದ್ದೆ, ಮುಂಗಡ ಬೇರೆ. ಮುಂಗಡ ವಾಪಸ್ ಕೇಳಿದರೆ ಮಾಲೀಕರು ಗೋಡೆಯ ಮೇಲಿನ ಹಳೆಯ ಗೀರು ತೋರಿಸಿದರು. ಇಪ್ಪತ್ತು ಸಾವಿರ ಅಲ್ಲೇ ಬಿಟ್ಟು ಬಂದೆ. ಮನೆಗೆ ಬಂದು ಬೀಗ ತೆಗೆದರೆ ಒಳಗೆ ನಲವತ್ತು ಡಿಗ್ರಿ. "ಹೇಳಿದ್ದಿಲ್ಲೇನು" ಅಂತ ಅಣ್ಣ ಹೇಳಿದ್ದು ಒಂದು ವರ್ಷ ಕಿವಿಯಲ್ಲಿತ್ತು.

ಆಮೇಲೆ ನಾನು ಹುಡುಕುವ ಕ್ರಮ ಬದಲಿಸಿದೆ. ಊರಿನ ಹೆಸರಿನಿಂದ ಹುಡುಕುವುದು ಬಿಟ್ಟೆ. ಎತ್ತರದಿಂದ ಹುಡುಕಿದೆ. 1,200 ಮೀಟರ್ ಕೆಳಗಿನದ್ದು ಬೇಡವೇ ಬೇಡ. ಎರಡನೆಯದು, ಒಂದೇ ಸಲಕ್ಕೆ ತೊಂಬತ್ತು ದಿನದ ವೀಸಾ. ಮಧ್ಯದಲ್ಲಿ ಕಚೇರಿಗೆ ಅಲೆಯುವುದು ನನ್ನಿಂದ ಆಗದು. ಶ್ರೀಲಂಕಾದ ನುವಾರಾ ಎಲಿಯ ಎತ್ತರದಲ್ಲಿ ಪಾಸಾಯಿತು. ಆದರೆ ಅಲ್ಲಿ ಏಪ್ರಿಲ್ ಅಂದರೆ ಸೀಸನ್, ಕೋಣೆಯ ದರ ಕೇಳಿ ಸುಮ್ಮನಾದೆ. ಮಲೇಷ್ಯಾದ ಕ್ಯಾಮರಾನ್ ಹೈಲ್ಯಾಂಡ್ಸ್‌ಗೆ ವೀಸಾ ಬೇಡ, ಆದರೆ ಮೂವತ್ತೇ ದಿನ. ನೇಪಾಳದ ಪೋಖರಾಕ್ಕೂ ವೀಸಾ ಬೇಡ, ಎತ್ತರ ಎಂಟುನೂರು ಮೀಟರ್ ಚಿಲ್ಲರೆ. ಹೀಗೆ ಹೊಡೆದು ಹಾಕುತ್ತಾ ಹೋದರೆ ಉಳಿದದ್ದು ವಿಯೆಟ್ನಾಂನ ದಾಲಾತ್. 1,500 ಮೀಟರ್. ವಿಯೆಟ್ನಾಂ 2023ರ ಆಗಸ್ಟ್ 15ರಿಂದ 90 ದಿನದ ಇ-ವೀಸಾ ಕೊಡುತ್ತಿದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್.

ದಾಲಾತ್ ಫ್ರೆಂಚರು ಕಟ್ಟಿದ ಊರು. ಅಲೆಕ್ಸಾಂಡ್ರ್ ಯೆರ್ಸಿನ್ ಅನ್ನುವ ವೈದ್ಯ 1893ರಲ್ಲಿ ಆ ಜಾಗ ಗುರುತಿಸಿದ. ಪ್ಲೇಗಿನ ರೋಗಾಣುವನ್ನು ಕಂಡುಹಿಡಿದವನೂ ಅವನೇ. ಇಂಗ್ಲಿಷರಿಗೆ ಊಟಿ ಹೇಗೋ ಫ್ರೆಂಚರಿಗೆ ಇದು ಹಾಗೆ. ಪೈನ್ ಮರ, ಕೆರೆ, ತರಕಾರಿ ತೋಟ, ಹೂವಿನ ತೋಟ, ಕಾಫಿ. ಏಪ್ರಿಲ್‌ನಲ್ಲಿ ಹಗಲು ಇಪ್ಪತ್ತೈದರ ಸುತ್ತ, ರಾತ್ರಿ ಹದಿನಾರು ಹದಿನೇಳು. ಆ ಹೊತ್ತಿಗೆ ಕಲಬುರಗಿ 42 ಮುಟ್ಟಿರುತ್ತದೆ. ನನಗೆ ಇನ್ನೇನೂ ಬೇಕಿರಲಿಲ್ಲ.

2025ರ ಏಪ್ರಿಲ್ ಮೊದಲಲ್ಲಿ ಹೊರಟೆ. ಕಲಬುರಗಿಯಿಂದ ರೈಲಲ್ಲಿ ಹೈದರಾಬಾದ್. ಅಲ್ಲಿಂದ ಮಧ್ಯೆ ಒಂದು ಕಡೆ ವಿಮಾನ ಬದಲಿಸಿ ಹೋ ಚಿ ಮಿನ್ ಸಿಟಿ. ಹೋಗಿ ಬರುವ ಟಿಕೆಟ್ಟಿಗೆ ಇಪ್ಪತ್ತನಾಲ್ಕು ಸಾವಿರ ಚಿಲ್ಲರೆ ಕೊಟ್ಟ ನೆನಪು. ಹೋ ಚಿ ಮಿನ್‌ನಿಂದ ದಾಲಾತ್‌ಗೆ ಸ್ಲೀಪರ್ ಬಸ್ಸು, ಏಳೆಂಟು ತಾಸು, ಸಾವಿರ ರೂಪಾಯಿ ಆಸುಪಾಸು. ಬಸ್ ಹತ್ತುವಾಗಲೇ ಚಪ್ಪಲಿ ಬಿಚ್ಚಿಸಿ ಒಂದು ಪ್ಲಾಸ್ಟಿಕ್ ಚೀಲ ಕೊಡುತ್ತಾರೆ. ಹಗಲು ಬಸ್ಸೇ ಹತ್ತಿ. ರಾತ್ರಿ ಬಸ್ಸು ನಸುಕಿನ ನಾಲ್ಕಕ್ಕೆ ಇಳಿಸಿ ಹೋಗುತ್ತದೆ. ಆ ಚಳಿಯಲ್ಲಿ ಪರಊರಿನ ಬೀದಿಯಲ್ಲಿ ಒಬ್ಬರೇ ನಿಲ್ಲುವುದು ಯಾಕೆ?

ಮನೆಯ ವಿಷಯಕ್ಕೆ ಬರುತ್ತೇನೆ. ಎಲ್ಲ ನಿಂತಿರುವುದು ಇದರ ಮೇಲೆ. ಊರಿಂದಲೇ ತಿಂಗಳಿಗೆ ಬುಕ್ ಮಾಡುವುದನ್ನು ಚಿಯಾಂಗ್ ಮಾಯ್ ನಂತರ ಬಿಟ್ಟಿದ್ದೆ. ಮೊದಲ ನಾಲ್ಕೈದು ರಾತ್ರಿ ಒಂದು ಸಣ್ಣ ಗೆಸ್ಟ್ ಹೌಸ್. ಹಗಲೆಲ್ಲ ನಡೆದು ಬಾಡಿಗೆ ಬೋರ್ಡು ಹುಡುಕುವುದು. ಫೇಸ್‌ಬುಕ್ ಗುಂಪುಗಳಲ್ಲಿ ಪರದೇಶದವರಿಗೆ ಹೇಳುವ ದರಕ್ಕೂ ಗೇಟಿನ ಮೇಲೆ ಕೈಯಲ್ಲಿ ಬರೆದ ಬೋರ್ಡಿನ ದರಕ್ಕೂ ಮೂರನೇ ಒಂದರಷ್ಟು ಫರಕು ಇತ್ತು. ಮೊದಲು ಹಿಡಿದ ಕೋಣೆ ನೋಡಲು ಚೆಂದ. ಆದರೆ ಅದರ ಒಂದೇ ಕಿಟಕಿ ತೆರೆಯುತ್ತಿದ್ದುದು ಓಣಿಗಲ್ಲ, ಒಳಗಿನ ಪಡಸಾಲೆಗೆ. ಏಪ್ರಿಲ್ ಕೊನೆಗೆ ಮಳೆ ಶುರುವಾದ ಮೇಲೆ ಗೋಡೆಗೆ ಬೂಷ್ಟು ಬಂತು. ತೊಳೆದ ಸೀರೆ ಮೂರು ದಿನವಾದರೂ ಒಣಗಲಿಲ್ಲ. ಎದುರು ಮನೆಯಲ್ಲಿ ಸಂಜೆಯಿಂದ ರಾತ್ರಿ ಹತ್ತರವರೆಗೆ ಮೈಕು ಹಿಡಿದು ಕರೋಕೆ ಹಾಡುತ್ತಿದ್ದರು. ವಾರದ ಲೆಕ್ಕದಲ್ಲಿ ಬಾಡಿಗೆ ಕೊಡುತ್ತಿದ್ದುದರಿಂದ ನಷ್ಟವಿಲ್ಲದೆ ಬಿಟ್ಟೆ. ಮೊದಲ ತಿಂಗಳು ದರ ಜಾಸ್ತಿ ಆದರೂ ವಾರದ ಲೆಕ್ಕವೇ ಇರಲಿ.

ಎರಡನೇ ಮನೆ ಸಿಕ್ಕಿದ್ದು ಒಬ್ಬ ತರಕಾರಿ ಮಾರುವವಳ ಮೂಲಕ. ಯಾವ ಓಣಿ ಅಂತ ಹೇಳುವುದಿಲ್ಲ. ಹೇಳಿದರೆ ಮುಂದಿನ ವರ್ಷ ನನಗೇ ಬಾಡಿಗೆ ಏರುತ್ತದೆ. ಪೂರ್ವಕ್ಕೆ ಬಾಗಿಲು, ಸಣ್ಣ ಬಾಲ್ಕನಿ, ಕೆಳಗೆ ಮಾಲಕಿ ಅಜ್ಜಿಯ ಮನೆ. ತಿಂಗಳಿಗೆ 55 ಲಕ್ಷ ಡಾಂಗ್. ಗಾಬರಿ ಬೇಡ, ನಮ್ಮ ಹದಿನೆಂಟು ಸಾವಿರ ರೂಪಾಯಿ. ಒಂದು ರೂಪಾಯಿಗೆ ಮುನ್ನೂರು ಡಾಂಗ್ ಅಂತ ಲೆಕ್ಕ ಇಟ್ಟುಕೊಂಡರೆ ಸಾಕು. ಕರೆಂಟಿಗೆ ಯೂನಿಟ್ ಲೆಕ್ಕದಲ್ಲಿ ಬೇರೆ. ಅಲ್ಲಿ ಫ್ಯಾನೇ ಬೇಡವಾದ್ದರಿಂದ ಅದು ನಗಣ್ಯ. ಮನೆ ನೋಡುವಾಗ ನಾನು ಮೊದಲು ಕೇಳುತ್ತಿದ್ದುದು ಪೊಲೀಸರಲ್ಲಿ ತಾತ್ಕಾಲಿಕ ವಾಸದ ನೋಂದಣಿ ಮಾಡಿಸುತ್ತೀರಾ ಅಂತ. ಅಲ್ಲಿ ಅದು ಮನೆ ಮಾಲೀಕರ ಜವಾಬ್ದಾರಿ. ನಕ್ಕು ಬೇಡ ಅಂದವರ ಮನೆಯಿಂದ ಹಾಗೇ ಎದ್ದು ಬಂದೆ.

ಇನ್ನು ಅಡುಗೆ. ಇದರಲ್ಲಿ ನಾನು ಮಾಡಿದ ಪ್ರಯೋಗಗಳಿಗೆ ಲೆಕ್ಕವಿಲ್ಲ.

ಕಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ ಅಂತ ನಮಗೆಲ್ಲ ಗೊತ್ತು. ತೊಂದರೆ ಇರುವುದು ವಿಮಾನದಲ್ಲಿ. ಥಾಯ್ಲೆಂಡಿಗೆ ಪೇಪರಿನಲ್ಲಿ ಸುತ್ತಿ ಸೂಟ್‌ಕೇಸಿನ ಮಧ್ಯೆ ಇಟ್ಟಿದ್ದೆ. ಇಳಿದಾಗ ಒಂದೂ ಇಡಿಯಾಗಿ ಉಳಿದಿರಲಿಲ್ಲ. ಸ್ಟೀಲ್ ಡಬ್ಬಿ ಹಿಡಿದರೆ ಡಬ್ಬಿಯದೇ ಎರಡು ಕಿಲೋ ತೂಕ. ಈ ಸಲ ಕೇಕಿನ ದುಂಡು ಪ್ಲಾಸ್ಟಿಕ್ ಡಬ್ಬಿ ತಂದೆ. ರೊಟ್ಟಿ ಮಾಡುವ ಅಕ್ಕನ ಹತ್ತಿರ ಆ ಅಳತೆಗೆ ಸಣ್ಣದಾಗಿ ತಟ್ಟಿಸಿಕೊಂಡೆ. "ಇದೇನ್ರೀ ಅಕ್ಕೋರೆ, ಪೂರಿ ಆದಂಗಾತು" ಅಂತ ಅವಳಿಗೆ ಬೇಜಾರು. ಒಂದಕ್ಕೆ ಏಳೆಂಟು ರೂಪಾಯಿ, ಸಣ್ಣದು ಅಂತ ಕಡಿಮೆ ಮಾಡಲಿಲ್ಲ. ನೂರರ ಹತ್ತಿರ ಒಯ್ದೆ. ಹತ್ತು ರೊಟ್ಟಿಗೊಂದು ಹತ್ತಿ ಬಟ್ಟೆ ಇಟ್ಟು, ಮೇಲಿನ ಖಾಲಿ ಜಾಗದಲ್ಲಿ ಶೇಂಗಾ ಹಿಂಡಿಯ ಪೊಟ್ಟಣ ತುರುಕಿದೆ, ಅಲುಗಾಡದಂತೆ. ಮುರಿದದ್ದು ಹತ್ತಕ್ಕೆ ಒಂದೋ ಎರಡೋ. ಅವಕ್ಕೆ ನೀರು ಚಿಮುಕಿಸಿ ಒಗ್ಗರಣೆ ಕೊಟ್ಟರೆ ನಾಷ್ಟಾ ಆಯಿತು.

ಬಿಸಿರೊಟ್ಟಿ ಬೇರೆಯೇ ಕಥೆ. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಕಹಿಯೂ ಆಗುತ್ತದೆ. ತಟ್ಟಲು ಹೋದರೆ ಅಂಚು ಹರಿಯುತ್ತದೆ. ನಾನು ಒಯ್ದದ್ದು ಮೂರು ಕಿಲೋ. ಅದು ಒಂದು ತಿಂಗಳ ತನಕ ಮಾತು ಕೇಳಿತು, ಆಮೇಲೆ ಕೇಳಲಿಲ್ಲ. ಕೋಣೆಯಲ್ಲಿದ್ದ ಇಂಡಕ್ಷನ್ ಒಲೆ ಬೇರೆ. ಅದರ ಮೇಲೆ ರೊಟ್ಟಿ ಬೇಯುತ್ತದೆ, ಉಬ್ಬುವುದಿಲ್ಲ. ಕೊನೆಗೆ ಅಲ್ಲಿನವರು ಊಟದ ಮೇಜಿನ ಮೇಲೆ ಇಟ್ಟುಕೊಳ್ಳುವ ಕ್ಯಾನ್ ಗ್ಯಾಸಿನ ಸಣ್ಣ ಒಲೆ ಕೊಂಡೆ. ಎಂಟುನೂರು ಒಂಬೈನೂರು ರೂಪಾಯಿ ಆಯಿತು. ಬಾಲ್ಕನಿಯಲ್ಲಿಟ್ಟು ಬೇಯಿಸಿದೆ. ಉಬ್ಬಿತು! ಹಳೇ ಹಿಟ್ಟಿಗೆ ಜಿಗಿ ತರಿಸಲು ಅಲ್ಲಿನ ಸಂತೆಯಲ್ಲಿ ಸಿಗುವ ಬೇರೊಂದು ಹಿಟ್ಟನ್ನು ಚೂರು ಬೆರೆಸುತ್ತೇನೆ. ಯಾವುದು, ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ. ನೀವೂ ಸ್ವಲ್ಪ ಕೈ ಸುಟ್ಟುಕೊಳ್ಳಿ.

ಆ ರೊಟ್ಟಿ ನೋಡಲು ಮಾಲಕಿ ಅಜ್ಜಿ ಮೇಲೆ ಬಂದಳು. ಎಪ್ಪತ್ತರ ಹತ್ತಿರದ ವಯಸ್ಸು. ಇದು ಯಾವುದರದು ಅಂತ ಕೈಯಲ್ಲೇ ಕೇಳಿದಳು. ಫೋನಿನಲ್ಲಿ ಜೋಳದ ತೆನೆಯ ಫೋಟೋ ತೋರಿಸಿದೆ. ಮುಖ ಸಿಂಡರಿಸಿ "ಬೊ ಬೊ!" ಅಂದಳು. ಮೊಮ್ಮಗನ ಫೋನಿನಲ್ಲಿ ಅನುವಾದ ಮಾಡಿಸಿದಾಗ ವಿಷಯ ತಿಳಿಯಿತು. ಯುದ್ಧ ಮುಗಿದ ಮೇಲೆ, 1986ರ ಆರ್ಥಿಕ ಸುಧಾರಣೆಗೆ ಮುಂಚೆ, ಅಲ್ಲಿ ಎಲ್ಲವೂ ರೇಷನ್. ಅಕ್ಕಿ ಸಾಲದಾಗ ಜೋಳ ಕೊಡುತ್ತಿದ್ದರಂತೆ, ಅದಕ್ಕೇ ಅವರು ಬೊ ಬೊ ಅನ್ನುವುದು. ಹೇಗೆ ಮಾಡಬೇಕು ಅಂತ ಯಾರಿಗೂ ಗೊತ್ತಿಲ್ಲ. ಇಡೀ ಕಾಳನ್ನೇ ಅನ್ನದ ಜತೆ ಕುದಿಸಿ ತಿಂದಿದ್ದಾರೆ, ಹೊಟ್ಟು ಸಮೇತ. ಅಂಥದ್ದನ್ನು ದುಡ್ಡು ಕೊಟ್ಟು, ವಿಮಾನದಲ್ಲಿ ಹೊತ್ತು ತಂದು ತಿನ್ನುವ ಈ ಹೆಂಗಸು ಯಾರು ಅಂತ ಅವಳಿಗೆ ಅನಿಸಿರಬೇಕು. ಬೆಣ್ಣೆ, ಹಿಂಡಿ ಹಚ್ಚಿ ಒಂದು ತುಂಡು ಕೊಟ್ಟೆ. ತಿಂದಳು. ಇನ್ನೊಂದು ಕೇಳಲಿಲ್ಲ. ಆದರೆ ಮರುದಿನ ತಂಗಿಯನ್ನು ಕರೆದುಕೊಂಡು ಬಂದು ತೋರಿಸಿದಳು.

ತೊಗರಿಬೇಳೆ ಎರಡು ಕಿಲೋ ಒಯ್ದಿದ್ದೆ, ಸಾಲಲಿಲ್ಲ. ಆದರೆ ಹೆಸರುಬೇಳೆ ಅಲ್ಲಿ ಪ್ರತಿ ಅಂಗಡಿಯಲ್ಲೂ ಇದೆ, ಶೇಂಗಾ ಇದೆ, ಬೆಲ್ಲವೂ ಸಿಗುತ್ತದೆ. ಹೆಸರುಬೇಳೆ ಹೂರಣದ ಹೋಳಿಗೆ ಮಾಡಿದೆ. ಹೂರಣ ಚೆನ್ನಾಗಿ ಬಂತು, ಅಲ್ಲಿನ ಮೈದಾ ಎಳೆಯಲಿಲ್ಲ. ಪುಂಡಿಪಲ್ಯದ ಆಸೆಗೆ ಅವರು ಹುಳಿ ಸಾರಿಗೆ ಹಾಕುವ ಒಂದು ಬಳ್ಳಿಯ ಎಲೆ ತಂದೆ. 'ಲಾ ಜಾಂಗ್' ಅಂತಾರೆ. ಹುಳಿ ಸರಿಯಾಗಿದೆ, ಆದರೆ ಪುಂಡಿಯ ಲೋಳೆ ಇಲ್ಲ. ಬೆಳ್ಳುಳ್ಳಿ, ಹಸಿಮೆಣಸು, ನುಚ್ಚಿನ ಬದಲು ಒಡೆದ ಅಕ್ಕಿ ಹಾಕಿ ಕುದಿಸಿದೆ. ನೂರಕ್ಕೆ ಅರವತ್ತು ಅಂಕ ಕೊಡಬಹುದು. ಬೆಣ್ಣೆಹಣ್ಣನ್ನು ಕಿವುಚಿ, ಉಪ್ಪು, ಶೇಂಗಾ ಹಿಂಡಿ ಕಲಸಿ ಕಡಕ್ ರೊಟ್ಟಿಗೆ ಹಚ್ಚಿದ್ದು ಮಾತ್ರ ನೂರಕ್ಕೆ ನೂರು. ಮೇ ತಿಂಗಳಿಂದ ಅಲ್ಲಿ ಬೆಣ್ಣೆಹಣ್ಣು ಅಗ್ಗ.

ಹೊರಗೆ ತಿನ್ನುವ ಶಾಕಾಹಾರಿಗಳಿಗೆ ಮೀನಿನ ಸಾಸಿನದೇ ದೊಡ್ಡ ತಾಪತ್ರಯ. ಬರೀ ಸೊಪ್ಪು ಕಂಡರೂ ಅದರೊಳಗೆ ಅದು ಇರುತ್ತದೆ. 'ಚಾಯ್', ಅಂದರೆ ಶಾಕಾಹಾರ, ಅಂತ ಬೋರ್ಡು ಇದ್ದರೆ ಮಾತ್ರ ಒಳಗೆ ಹೋಗುವುದು. ಒಂದು ತಟ್ಟೆ ಅನ್ನ, ಮೂರು ನಾಲ್ಕು ಪಲ್ಯ, ತೋಫು, ಸಾರು, ನೂರರಿಂದ ನೂರಮೂವತ್ತು ರೂಪಾಯಿ. ಅವರ ಚಾಂದ್ರ ತಿಂಗಳ ಒಂದನೇ ದಿನ ಮತ್ತು ಹದಿನೈದನೇ ದಿನ, ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಯ ಹಿಂದೆಮುಂದೆ, ಬಹಳ ಜನ ಮಾಂಸ ಮುಟ್ಟುವುದಿಲ್ಲ. ಆ ದಿನ ಮಾಮೂಲಿ ಅಂಗಡಿಗಳಲ್ಲೂ ನಮಗೆ ಊಟ ಸಿಗುತ್ತದೆ. ಆದ್ದರಿಂದ ಕಲಬುರಗಿಯ ಕ್ಯಾಲೆಂಡರ್ ಒಯ್ದು ಗೋಡೆಗೆ ಹಾಕಿದ್ದು ಕೆಲಸಕ್ಕೆ ಬಂತು. ಬುದ್ಧ ಪೂರ್ಣಿಮೆಗೆ ಒಂದು ಗುಡಿಯಲ್ಲಿ ಪುಕ್ಕಟೆ ಊಟ ಹಾಕಿದರು. ನಮ್ಮ ಶರಣಬಸವೇಶ್ವರರ ದಾಸೋಹದಲ್ಲಿ ಉಂಡವಳಿಗೆ ಸಾಲಿನಲ್ಲಿ ಕೂರುವುದೇನು ಹೊಸತಲ್ಲ.

ಒಬ್ಬಳೇ ಇರುವುದು ಹೇಗೆ ಅನ್ನುವುದನ್ನು ಎಲ್ಲರೂ ಕೇಳುತ್ತಾರೆ. ಹಗಲು ತೊಂದರೆ ಇಲ್ಲ. ಕಷ್ಟ ಇರುವುದು ಮುಸ್ಸಂಜೆಗೆ, ಐದೂವರೆಯಿಂದ ಎಂಟರವರೆಗೆ. ಅಲ್ಲಿ ಆರು ದಾಟಿದ ಕೂಡಲೇ ಕತ್ತಲು, ಅದರ ಜತೆ ಮಳೆ. ಮೊದಲ ವಾರಗಳಲ್ಲಿ ಆ ಹೊತ್ತಿಗೆ ಸಿಕ್ಕಸಿಕ್ಕವರಿಗೆಲ್ಲ ಫೋನ್ ಹಚ್ಚುತ್ತಿದ್ದೆ. ಅದು ಇನ್ನೂ ಕೆಟ್ಟದ್ದು. ಫೋನ್ ಇಟ್ಟ ಮೇಲೆ ಕೋಣೆ ಇನ್ನಷ್ಟು ಖಾಲಿ ಅನಿಸುತ್ತದೆ. ಹಾಗಾಗಿ ಫೋನನ್ನು ಬೆಳಿಗ್ಗೆಗೆ ತಂದೆ. ಅವರು ನಮಗಿಂತ ಒಂದೂವರೆ ತಾಸು ಮುಂದೆ. ನನ್ನ ಎಂಟೂವರೆಗೆ ಮಗಳು ಏಳಕ್ಕೆ ಚಹಾ ಕುಡಿಯುತ್ತಿರುತ್ತಾಳೆ. ಹತ್ತು ನಿಮಿಷ, ಮುಗಿಯಿತು. ಸಂಜೆಗೆ ಕೊಡೆ ಹಿಡಿದು ಸುವಾನ್ ಹುವಾಂಗ್ ಕೆರೆ ಸುತ್ತುವುದು. ಸುತ್ತಳತೆ ಐದು ಕಿಲೋಮೀಟರ್ ಇದೆ, ಅರ್ಧ ಸುತ್ತಿ ವಾಪಸ್. ಬರುವಾಗ ರಾತ್ರಿ ಸಂತೆಯ ಹತ್ತಿರ ಬಿಸಿ ಸೋಯಾ ಹಾಲು.

ಇದರಲ್ಲಿ ನನ್ನ ಯುಕ್ತಿ ಒಂದಿದೆ, ಇದನ್ನು ಮಾತ್ರ ಮುಚ್ಚಿಡುವುದಿಲ್ಲ. ಪ್ರತಿಯೊಂದನ್ನೂ ದಿನಾ ಅದೇ ಕಡೆ, ಅದೇ ಹೊತ್ತಿಗೆ ಕೊಳ್ಳಬೇಕು. ತರಕಾರಿಗೆ ಒಬ್ಬಳೇ, ಸೋಯಾ ಹಾಲಿಗೆ ಒಬ್ಬಳೇ, ಊಟಕ್ಕೆ ಒಂದೇ ಅಂಗಡಿ. ದರ ಐದು ರೂಪಾಯಿ ಜಾಸ್ತಿ ಇದ್ದರೂ ಅಂಗಡಿ ಬದಲಿಸಬಾರದು. ಹತ್ತು ಹನ್ನೆರಡು ದಿನಕ್ಕೆ ಅವರು ನಿಮ್ಮ ದಾರಿ ನೋಡಲು ಶುರು ಮಾಡುತ್ತಾರೆ. ಮೇ ತಿಂಗಳಲ್ಲಿ ನನಗೆ ಜ್ವರ ಬಂದು ಎರಡು ದಿನ ಮಲಗಿದ್ದೆ. ಮೂರನೇ ದಿನ ತರಕಾರಿಯವಳು ಅಜ್ಜಿಯ ಮನೆಗೇ ಬಂದು ಕೇಳಿದ್ದಾಳೆ. ಇಬ್ಬರೂ ಸೇರಿ ನನ್ನನ್ನು ಕ್ಲಿನಿಕ್ಕಿಗೆ ಕರೆದೊಯ್ದರು. "ಏನರೆ ಆದ್ರ ಯಾರ್ ನೋಡ್ತಾರ" ಅಂದಿದ್ದ ಅಣ್ಣನಿಗೆ ಅವರಿಬ್ಬರ ಫೋಟೋ ಕಳಿಸಿದೆ. ಉತ್ತರ ಬರಲಿಲ್ಲ.

ಆ ಕ್ಲಿನಿಕ್ಕಿನ ಬಿಲ್ಲು ಮೂರು ಸಾವಿರ ಚಿಲ್ಲರೆ. ಪ್ರಯಾಣ ವಿಮೆಗೆ ನಾನು ಕಟ್ಟಿದ್ದು ಒಂಬತ್ತು ಸಾವಿರ. ಕ್ಲೇಮ್ ಹಾಕಲು ಹೋದರೆ ಮೊದಲ ನೂರು ಡಾಲರ್ ನಮ್ಮ ತಲೆಗೇ ಅಂತ ಸಣ್ಣಕ್ಷರದಲ್ಲಿದೆ. ಅರವತ್ತು ದಾಟಿದವರು ವಿಮೆ ಮಾಡಿಸಲೇಬೇಕು, ಆದರೆ ಜ್ವರ ನೆಗಡಿಗೆ ಅದು ಬರುತ್ತದೆ ಅಂದುಕೊಳ್ಳಬೇಡಿ. ಬಿಪಿ ಮಾತ್ರೆ ಪೂರ್ತಿ ಅವಧಿಗೆ ಇಲ್ಲಿಂದಲೇ ಒಯ್ದಿದ್ದೆ, ಡಾಕ್ಟರ ಚೀಟಿಯ ಜತೆ.

ಗಣಿತ ಕಲಿಸಿದವಳು ಅಂದೆನಲ್ಲ, ಅದಕ್ಕೊಂದು ಅಡ್ಡಕಥೆ. ಅಜ್ಜಿಯ ಮೊಮ್ಮಗ ಆರನೆಯದೋ ಏಳನೆಯದೋ ಓದುತ್ತಾನೆ. ಒಂದು ಸಂಜೆ ಭಾಗಾಕಾರ ಮಾಡುತ್ತಾ ಕೂತಿದ್ದ. ನೋಡಿದರೆ ನನಗೆ ತಲೆಬುಡ ತಿಳಿಯಲಿಲ್ಲ! ನಾವು ಭಾಜಕವನ್ನು ಎಡಕ್ಕೆ ಬರೆಯುತ್ತೇವೆ. ಅವರು ಬಲಕ್ಕೆ ಒಂದು ಉದ್ದ ಗೆರೆ ಎಳೆದು ಅದರಾಚೆ ಬರೆಯುತ್ತಾರೆ, ಭಾಗಲಬ್ಧ ಅದರ ಕೆಳಗೆ. ಫ್ರೆಂಚರ ಪದ್ಧತಿ. ಗುಣಿಸಿ ಕಳೆಯುವುದೂ ಮನಸ್ಸಿನಲ್ಲೇ, ಶೇಷ ಮಾತ್ರ ಹಾಳೆಯ ಮೇಲೆ. ಸಾವಿರಕ್ಕೆ ಚುಕ್ಕಿ, ದಶಾಂಶಕ್ಕೆ ಅಲ್ಪವಿರಾಮ. 2,5 ಅಂದರೆ ಎರಡೂವರೆ, 2.500 ಅಂದರೆ ಎರಡೂವರೆ ಸಾವಿರ. ಅವನಿಗೆ ನಮ್ಮ ಪದ್ಧತಿ ತೋರಿಸಿದೆ, ಅವನು ಅವರದು ಕಲಿಸಿದ. ಇಬ್ಬರಿಗೂ ಒಂದು ಮಾತೂ ಬರುವುದಿಲ್ಲ, ಆದರೆ ಲೆಕ್ಕ ತಪ್ಪಿದರೆ ಇಬ್ಬರಿಗೂ ತಿಳಿಯುತ್ತದೆ. ಮಳೆ ಬಿದ್ದ ಸಂಜೆಗಳು ಹೀಗೇ ಕಳೆದವು. ಅವರ ಪದ್ಧತಿಯಲ್ಲಿ ಹಾಳೆ ಉಳಿಯುತ್ತದೆ ನಿಜ, ಆದರೆ ತಪ್ಪು ಎಲ್ಲಾಯಿತು ಅಂತ ಹುಡುಕಲು ಬರುವುದಿಲ್ಲ. ಮೇಷ್ಟ್ರಿಗೆ ನಮ್ಮದೇ ಒಳ್ಳೆಯದು.

ಊರು ನೋಡಿದ್ದು ಕಡಿಮೆ. ಹಳೆಯ ರೈಲ್ವೆ ಸ್ಟೇಷನ್ನಿನಿಂದ ಟ್ರಾಯ್ ಮಾತ್‌ವರೆಗೆ ಏಳು ಕಿಲೋಮೀಟರ್ ರೈಲು ಓಡುತ್ತದೆ, ಅಲ್ಲಿ ಒಡೆದ ಪಿಂಗಾಣಿ ಚೂರುಗಳಿಂದ ಅಲಂಕರಿಸಿದ ಲಿನ್ ಫುಕ್ ಗುಡಿ ಇದೆ. ಅದನ್ನು ನೋಡಿದೆ. ಜಲಪಾತಗಳನ್ನು ಬಿಟ್ಟೆ.

ಲೆಕ್ಕ ಕೇಳುವವರಿಗೆ, ನೆನಪಿದ್ದಷ್ಟು: ಬಾಡಿಗೆ ಐವತ್ತನಾಲ್ಕು ಸಾವಿರ, ಮೊದಲ ಕೋಣೆಯ ಹೆಚ್ಚುವರಿ ಸೇರಿದರೆ ಐವತ್ತೆಂಟು. ಊಟ, ದಿನಸಿ ತಿಂಗಳಿಗೆ ಒಂಬತ್ತರಿಂದ ಹತ್ತು ಸಾವಿರ. ವಿಮಾನ, ವೀಸಾ, ವಿಮೆ, ಬಸ್ಸು ಮೂವತ್ತೇಳು ಮೂವತ್ತೆಂಟು. ಉಳಿದದ್ದು ಒಲೆ, ಕ್ಲಿನಿಕ್ಕು, ಒಂದು ಉಣ್ಣೆ ಕೋಟು, ಇಂಥವು. ಇದರಲ್ಲಿ ಉಳಿತಾಯವನ್ನು ಕಳೆದಿಲ್ಲ. ಇಲ್ಲಿ ಇದ್ದಿದ್ದರೆ ಬೇಸಿಗೆಯಲ್ಲಿ ಎಸಿ ಹಾಕಿ ತಿಂಗಳಿಗೆ ನಾಲ್ಕು ಸಾವಿರದ ಮೇಲೆ ಕರೆಂಟ್ ಬಿಲ್ಲು. ಮನೆಗೆ ಬೀಗ ಬಿದ್ದಿದ್ದರಿಂದ ಗೃಹಜ್ಯೋತಿಯಲ್ಲೇ ಮುಗಿಯಿತು. ಟ್ಯಾಂಕರ್ ನೀರಿನ ಖರ್ಚೂ ಇಲ್ಲ, ಮನೆಯ ದಿನಸಿಯೂ ಇಲ್ಲ. ಮೂರು ತಿಂಗಳ ಪಿಂಚಣಿಗೆ ಮೇಲೆ ಸ್ವಲ್ಪ ಕೈಯಿಂದ ಹಾಕಿದೆ ಅಷ್ಟೇ. ಒಂದು ವಾರದ ಪ್ಯಾಕೇಜಿಗೆ ಒಂದು ಲಕ್ಷ ಕೊಟ್ಟಿದ್ದನ್ನು ಪಕ್ಕದಲ್ಲಿಟ್ಟು ನೋಡಿ.

ಡಾಲರಿನ ಬಗ್ಗೆ ಒಂದು ಮಾತು. ನೂರರ ನೋಟು ಒಯ್ಯಿ, ಮಡಿಕೆ ಬೀಳದಂತೆ. ಕಲೆ, ಮಡಿಕೆ ಇದ್ದರೆ ದರ ಇಳಿಸುತ್ತಾರೆ, ಸಣ್ಣ ನೋಟಿಗೂ ಇಳಿಸುತ್ತಾರೆ. ಚಿನ್ನದ ಅಂಗಡಿಗಳಲ್ಲಿ ಬದಲಿಸುವುದು ಅಲ್ಲಿ ರೂಢಿ. ಆದರೆ ಪರವಾನಗಿ ಇಲ್ಲದ ಅಂಗಡಿಯಲ್ಲಿ ಬದಲಿಸಿದರೆ ಗಿರಾಕಿಗೂ ದಂಡ ಇದೆ. ನಾನು ಬ್ಯಾಂಕಿಗೇ ಹೋದೆ.

ವಿಳಾಸಗಳ ಬಗ್ಗೆಯೂ ಎಚ್ಚರ. ವಿಯೆಟ್ನಾಂ 2025ರ ಜುಲೈ 1ರಿಂದ 63 ಪ್ರಾಂತಗಳನ್ನು ಕೂಡಿಸಿ 34 ಮಾಡಿದೆ, ಜಿಲ್ಲೆಯ ಹಂತವನ್ನೇ ತೆಗೆದಿದೆ. ನೋಂದಣಿ ಕಾಗದದಲ್ಲಿ ಹಳೆಯ ವಾರ್ಡಿನ ಹೆಸರು ಬರೆದಿದ್ದರೆ ಮಾಲೀಕರಿಗೆ ಹೇಳಿ ತಿದ್ದಿಸಿಕೊಳ್ಳಿ.

ಇನ್ನೊಂದು ನಮ್ಮ ಕಡೆಯವರಿಗೇ ಇರುವ ತೊಂದರೆ. ನಮ್ಮಲ್ಲಿ ಬಹಳ ಜನರ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇರುತ್ತದೆ, ಹೆಸರು ಒಂದೇ ಇರುತ್ತದೆ. ದುಬೈ ಕಡೆ ವಿಸಿಟ್ ವೀಸಾಕ್ಕೆ ಒಂದೇ ಹೆಸರಿನ ಪಾಸ್‌ಪೋರ್ಟ್ 2022ರ ನವೆಂಬರ್‌ನಿಂದ ನಡೆಯುವುದಿಲ್ಲ, ಎರಡನೇ ಪುಟದಲ್ಲಿ ತಂದೆಯ ಹೆಸರು ಇದ್ದರೆ ಮಾತ್ರ ಬಿಡುತ್ತಾರೆ. ವಿಯೆಟ್ನಾಂ ಅರ್ಜಿಯಲ್ಲಿ ಫೋಟೋ ಪುಟದ ಕೆಳಗೆ ಬಾಣದ ಗುರುತಿರುವ ಎರಡು ಸಾಲಿನಲ್ಲಿ ಹೆಸರು ಹೇಗಿದೆಯೋ ಅಕ್ಷರ ಬಿಡದೆ ಹಾಗೇ ಹಾಕಿ. ನನ್ನ ಜತೆ ಕೆಲಸ ಮಾಡಿದ ಮೇಡಂ ಒಬ್ಬರಿಗೆ ಒಂದು ಅಕ್ಷರ ಬಿಟ್ಟು ವೀಸಾ ಬಂದಿತ್ತು. ಹೊರಡುವ ಮೂರು ವಾರ ಮೊದಲು ಕಣ್ಣಿಗೆ ಬಿದ್ದಿದ್ದಕ್ಕೆ ಇನ್ನೊಂದು 25 ಡಾಲರ್‌ನಲ್ಲಿ ಮುಗಿಯಿತು. ಬರುವ ಏಪ್ರಿಲ್‌ಗೆ ಅವರೂ ದಾಲಾತ್‌ಗೆ ಬರುತ್ತಾರೆ. ಬೇರೆ ಮನೆ ಹಿಡಿಯಿರಿ ಅಂತ ಈಗಲೇ ಹೇಳಿಬಿಟ್ಟಿದ್ದೇನೆ.